ಹನ್ನೊಂದನೇ ಕಲಮು

ರುದ್ರೇಶನ ಬಾಯಿಂದ ದಿನಕ್ಕೆ ನಲವತ್ತು ಸಲವಾದರೂ ಬರುತ್ತಿದ್ದ ಮಾತು ‘ತಪ್ಪಾಯ್ತು’. ಸೂಜಿ ಚುಚ್ಚುವ ಮೊದಲು ಒಂದು ತಪ್ಪಾಯ್ತು, ಚುಚ್ಚಿದ ಮೇಲೆ ಒಂದು. ಮಂಚದ ಕಾಲಿಗೆ ತನ್ನ ಕಾಲು ತಾಗಿದರೆ ಮಂಚವನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು ತಪ್ಪಾಯ್ತು ಎನ್ನುವ ಜಾತಿ ಅವನು. ಇಂಥವನನ್ನು ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಭದ್ರಾವತಿ ಓಲ್ಡ್ ಟೌನಿನ ಬಸ್ ಸ್ಟಾಪಿನಲ್ಲಿ ನಿಲ್ಲಿಸಿ, ಇನ್ನು ಮುಂದೆ ಆ ಮಾತನ್ನೇ ಆಡಬೇಡ ಎಂದರೆ ಅವನ ಗತಿ ಏನಾಗಬೇಡ ಹೇಳಿ.

ರುದ್ರೇಶ್ ಶಿವಮೊಗ್ಗದ ಗೋಪಾಳದಲ್ಲಿದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಹೆಣ್ಣಾಗಿದ್ದರೆ ಸಿಸ್ಟರ್ ಆಗುತ್ತಿದ್ದ. ಗಂಡಾದ್ದರಿಂದ ಬ್ರದರ್ ಆಗಿದ್ದ. ರೋಗಿಗಳು ಶುರು ಮಾಡಿದ ಈ ಹೆಸರು ಬಸ್ಸಿನ ಕಂಡಕ್ಟರು, ಹಾಲಿನವರು, ಇಸ್ತ್ರಿಯವರು ಎಂದು ಊರೆಲ್ಲ ಹಬ್ಬಿ, ಸಿಟ್ಟು ಬಂದಾಗ ಹೆಂಡತಿ ಸ್ಫೂರ್ತಿ ಕೂಡ ‘ಏನ್ ಬ್ರದರ್’ ಎನ್ನುವಲ್ಲಿಗೆ ಬಂದು ನಿಂತಿತ್ತು. ಎರಡು ವರ್ಷದಿಂದ ಅವನದು ಟೆಂಪರರಿ ಕೆಲಸ. ಆ ಮಂಗಳವಾರ ಸಂಜೆ ನಾಲ್ಕು ಗಂಟೆಗೆ ಆಸ್ಪತ್ರೆಯ ಮಾಲೀಕರಾದ ಡಾಕ್ಟರ್ ನಿರಂಜನ ಅವರು ಅವನ ಖಾಯಂ ಆರ್ಡರಿಗೆ ಸಹಿ ಹಾಕುವವರಿದ್ದರು. ಅದಕ್ಕಾಗಿ ಸ್ಫೂರ್ತಿ ಬೆಳಿಗ್ಗೆಯೇ ಶ್ಯಾವಿಗೆ ಪಾಯಸದ ಶ್ಯಾವಿಗೆಯನ್ನು ಹುರಿದಿಟ್ಟಿದ್ದಳು.

ಬಸ್ ಸ್ಟಾಪಿನಲ್ಲಿ ಅವನನ್ನು ನಿಲ್ಲಿಸಿದವರು ಅದೇ ಬೀದಿಯ ಇನ್ಶೂರೆನ್ಸ್ ಏಜೆಂಟ್ ರೇಣುಕಾಪ್ರಸಾದ್. ಸುತ್ತಲಿನ ತೋಟ, ಟ್ರ್ಯಾಕ್ಟರು, ಕರಾವಿನ ಹಸು ಯಾವುದನ್ನೂ ಅವರು ವಿಮೆಯಿಲ್ಲದೆ ಬಿಟ್ಟಿರಲಿಲ್ಲ. ಹದಿನೈದು ದಿನದ ಕೆಳಗೆ ನರ್ಸುಗಳ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸುದ್ದಿ ಓಡಾಡಿತ್ತು. ಎಲ್ಲೋ ಯಾರೋ ನರ್ಸು ಇಂಜೆಕ್ಷನ್ ಕೊಟ್ಟಿದ್ದು ಹೆಚ್ಚುಕಮ್ಮಿಯಾಗಿ, ರೋಗಿಯ ಕಡೆಯವರು ಕೋರ್ಟಿಗೆ ಎಳೆದಿದ್ದಾರೆ ಎಂಬ ಸುದ್ದಿ. ರುದ್ರೇಶನ ಜೀವ ಝಲ್ಲೆಂದಿತು. ಡಾಕ್ಟರುಗಳಿಗೆ ಇರುವಂತೆ ನರ್ಸುಗಳಿಗೂ ಕೆಲಸದಲ್ಲಿ ಆಗುವ ತಪ್ಪಿಗೆ ವಿಮೆ ಇರುತ್ತದಂತೆ, ಮಾಡಿಸಿಕೊಡಿ ಎಂದು ರೇಣುಕಾಪ್ರಸಾದರ ಬಳಿ ಓಡಿದ. ಅವರು ಫೋನಿನಲ್ಲಿ ‘ನರ್ಸ್’ ಎಂದು ಒತ್ತಿ, ತೆರೆಯ ಮೇಲೆ ಮೊದಲು ಬಂದ ಫಾರಂನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದ್ದರು. ಬೆಡ್ ಎಷ್ಟು? ಐವತ್ತು. ನೀರಿನ ವ್ಯವಸ್ಥೆ? ಬೋರ್‌ವೆಲ್ ಇದೆ. ಸುತ್ತ ಕಾಂಪೌಂಡು? ಇದೆ. ನೆರಳು? ಎರಡು ಹೊಂಗೆ ಮರ ಇವೆ. ಕಂಪನಿಯವರು ಎಷ್ಟು ಕೂಲಂಕಷವಾಗಿ ವಿಚಾರಿಸುತ್ತಾರಪ್ಪ ಎಂದು ರುದ್ರೇಶನಿಗೆ ಹೆಮ್ಮೆಯೇ ಆಗಿತ್ತು.

ಈಗ ಆ ಪಾಲಿಸಿ ಬಂದಿತ್ತು. ಇಂಗ್ಲಿಷಿನಲ್ಲಿ ಮೂವತ್ತೆಂಟು ಪುಟ, ಸಾಸಿವೆಯಷ್ಟು ಸಣ್ಣ ಅಕ್ಷರ. ರೇಣುಕಾಪ್ರಸಾದ್ ಅದನ್ನು ಅವನ ಕೈಗಿಟ್ಟು, ದೇವರ ಪ್ರಸಾದ ಕೊಟ್ಟವರಂತೆ ಗಂಭೀರವಾದರು.

“ಒಂದು ವಿಷಯ ಜ್ಞಾಪಕ ಇಟ್ಕೊಳ್ಳಿ ಬ್ರದರ್. ಏನೇ ಆಗ್ಲಿ, ತಪ್ಪಾಯ್ತು ಅಂತ ಮಾತ್ರ ಬಾಯಿ ಬಿಡ್ಬೇಡಿ. ನೀವೇ ಒಪ್ಕೊಂಡ್ರೆ ಕಂಪನಿ ಕೈ ಎತ್ಬಿಡುತ್ತೆ. ಹನ್ನೊಂದನೇ ಕಲಮು.”

ಸಾರಿ ಅನ್ನಬಹುದಾ ಎಂದು ರುದ್ರೇಶ್ ಕೇಳಿದ. ಸಾರಿಯೂ ಬೇಡ, ಕ್ಷಮಿಸಿಯೂ ಬೇಡ, ಸ್ವಲ್ಪ ಯಡವಟ್ಟಾಯ್ತು ಎನ್ನುವುದಂತೂ ಬೇಡವೇ ಬೇಡ ಎಂದರು. ಹಾಗಾದರೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾ ಎಂದರೆ, ಅದಕ್ಕೂ ಅವರ ಹತ್ತಿರ ಮದ್ದಿತ್ತು.

“‘ತಮ್ಮ ಮಾತು ಗಮನಕ್ಕೆ ಬಂದಿದೆ’ ಅನ್ನಿ. ಅಷ್ಟೇ. ನಾನೂ ಅದನ್ನೇ ಅನ್ನೋದು. ಏಜೆಂಟರಿಗೂ ಇಂಥದೇ ಒಂದು ಪಾಲಿಸಿ ಇರುತ್ತೆ ಮಾರಾಯ್ರೆ, ಹನ್ನೊಂದನೇ ಕಲಮು ನನಗೆ ಬಾಯಿಪಾಠ.”

ಬಸ್ಸು ಬಂತು. ರುದ್ರೇಶ್ ಪಾಲಿಸಿಯನ್ನು ಎದೆಗವಚಿಕೊಂಡು ಹತ್ತಿದ. ಹತ್ತಿದವನೇ ಎದುರಿಗೆ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದ ಹೆಂಗಸೊಬ್ಬರ ಕಾಲನ್ನು ಬಲವಾಗಿ ತುಳಿದ. ಅಭ್ಯಾಸಬಲದಿಂದ ‘ತ’ ಎನ್ನುವ ಅಕ್ಷರ ಹಲ್ಲಿನವರೆಗೆ ಬಂತು. ಅದನ್ನು ಅಲ್ಲೇ ಕಚ್ಚಿ ಹಿಡಿದು, ನುಂಗಿ, ಹೊಸ ಪಾಠವನ್ನು ಒಪ್ಪಿಸಿದ.

“ತಮ್ಮ ಮಾತು ಗಮನಕ್ಕೆ ಬಂದಿದೆ.”

“ನಾನು ಮಾತೇ ಆಡಿಲ್ವಲ್ಲೋ ಮಾರಾಯ,” ಎಂದರು ಆಕೆ. “ಕಾಲು ತುಳ್ದು ಗಮನಕ್ಕೆ ಬಂದಿದೆ ಅಂತೀಯಲ್ಲ, ನಿಂಗೆ ಮೈ ಹುಷಾರಿದ್ಯ?”

ಆಗಲೇ ಅವರಿಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿದದ್ದು. ಆಕೆ ಪದ್ಮಮ್ಮ. ಆಕೆಯ ಗಂಡ ಮೂರ್ತಪ್ಪ ರುದ್ರೇಶನ ವಾರ್ಡಿನ ಏಳನೇ ಬೆಡ್ಡಿನ ರೋಗಿ. ಭದ್ರಾವತಿಯ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿ ರಿಟೈರಾದವರು. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ ಸೇರಿಕೊಂಡಿದ್ದರು. ಪದ್ಮಮ್ಮ ದಿನಾ ಅವರಿಗೆ ಮುದ್ದೆ, ಸೊಪ್ಪಿನ ಸಾರು ಹೊತ್ತು ಇದೇ ಬಸ್ಸಿನಲ್ಲಿ ಹೋಗುತ್ತಿದ್ದರು. ನಿನ್ನೆಯವರೆಗೆ ಮಾತು ಮಾತಿಗೂ ಕೈಮುಗಿಯುತ್ತಿದ್ದ ಬ್ರದರ್ ಇವತ್ತು ಹೀಗೇಕೆ ಸೆಟೆದುಕೊಂಡಿದ್ದಾನೆ ಎಂದು ಅವರು ಶಿವಮೊಗ್ಗ ಬರುವವರೆಗೂ ಕಾಲು ನೀವಿಕೊಳ್ಳುತ್ತ ಯೋಚಿಸಿದರು. ಖಾಯಂ ಆಗುತ್ತಿದೆಯಲ್ಲ, ತಲೆಗೇರಿದೆ ಎಂದು ತೀರ್ಮಾನಿಸಿದರು.

ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಜಯಶೀಲಾ ಮೇಡಂ ಅವನನ್ನು ಕರೆದು, ಆರ್ಡರು ಟೈಪಾಗಿ ಡಾಕ್ಟರ ಮೇಜಿನ ಮೇಲಿದೆ, ನಾಲ್ಕು ಗಂಟೆವರೆಗೆ ಯಾವ ರಗಳೆಯೂ ಮಾಡಿಕೊಳ್ಳಬೇಡ ಎಂದು ಕಿವಿಮಾತು ಹೇಳಿದರು. ರುದ್ರೇಶ್ ಆಗಲಿ ಎಂದು ತಲೆಯಾಡಿಸಿದ. ಮೂರ್ತಪ್ಪನವರ ಎಡಗೈಗೆ ಡ್ರಿಪ್ ಹಾಕಿ, ಅರ್ಧ ಗಂಟೆ ಬಿಟ್ಟು ಬಂದು ನೋಡುತ್ತೇನೆ ಎಂದು ಹೇಳಿ, ತನ್ನ ಮೇಜಿಗೆ ಹೋಗಿ ಪಾಲಿಸಿ ಬಿಚ್ಚಿದ.

ನೋಡಿ, ಎಲ್ಲ ಕೆಟ್ಟದ್ದು ಇಲ್ಲಿಂದ. ಮೊದಲ ಪುಟದಲ್ಲಿ ತನ್ನ ಹೆಸರಿನ ಸ್ಪೆಲ್ಲಿಂಗ್ ಸರಿಯಿದೆಯೇ ಎಂದಷ್ಟೇ ನೋಡಿ, ಅವನು ನೇರ ಹನ್ನೊಂದನೇ ಕಲಮಿಗೆ ಹಾರಿದ. ಅಲ್ಲಿ ತಪ್ಪೊಪ್ಪಿಗೆಯ ಸುದ್ದಿಯೇ ಇರಲಿಲ್ಲ. ಬೇರೆಲ್ಲೋ ಇರಬೇಕು ಎಂದು ಕೊನೆಯ ಪುಟದಿಂದ ಹಿಂದಕ್ಕೆ, ‘ಅಡ್ಮಿಟ್’ ಎಂಬ ಒಂದೇ ಪದಕ್ಕಾಗಿ ಬೆರಳಿಟ್ಟು ಸಾಲು ಸಾಲು ಹುಡುಕತೊಡಗಿದ; ಉಳಿದ ಇಂಗ್ಲಿಷ್ ಅವನ ತಲೆಗೆ ಇಳಿಯಲಿಲ್ಲ. ಅರ್ಧ ಗಂಟೆ ಹೋಯಿತು, ಒಂದು ಗಂಟೆ ಹೋಯಿತು. ನಡುವೆ ಅವರಿವರು ಕರೆದರೆ ಎದ್ದು ಹೋಗಿ ಕೆಲಸ ಮುಗಿಸಿ ಬಂದ. ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಮೂರ್ತಪ್ಪನವರಿಗೆ ಊಟಕ್ಕೆ ಮುಂಚಿನ ಇನ್ಸುಲಿನ್ ಅನ್ನು ಹೊಟ್ಟೆಗೆ ಚುಚ್ಚಿದ. ಆಗಲೂ ಅವನ ತಲೆಯಲ್ಲಿ ಕಲಮುಗಳೇ ಓಡುತ್ತಿದ್ದವು. ಹೊದಿಕೆಯ ಕೆಳಗಿದ್ದ ಎಡಗೈಯನ್ನು ಅವನು ನೋಡಲೇ ಇಲ್ಲ; ಜೋಂಪು ಹತ್ತಿದ್ದ ಮೂರ್ತಪ್ಪನವರಿಗೂ ಗೊತ್ತಾಗಿರಲಿಲ್ಲ.

ಒಂದು ಗಂಟೆಗೆ ಪದ್ಮಮ್ಮ ತಟ್ಟೆ ಇಡಲೆಂದು ಹೊದಿಕೆ ಸರಿಸಿದರು. ಸೂಜಿ ಜರುಗಿ, ಡ್ರಿಪ್ಪಿನ ನೀರೆಲ್ಲ ನರ ಬಿಟ್ಟು ಚರ್ಮದಡಿಗೆ ಇಳಿದು, ಮೂರ್ತಪ್ಪನವರ ಕೈ ಎಣ್ಣೆಯಲ್ಲಿ ಉಬ್ಬಿದ ಪೂರಿಯ ಹಾಗಾಗಿತ್ತು.

ರುದ್ರೇಶ್ ಓಡಿ ಬಂದ. ಕೈಗಳು ತಮ್ಮಷ್ಟಕ್ಕೆ ಮಾಡಬೇಕಾದ್ದನ್ನು ಮಾಡಿದವು: ಡ್ರಿಪ್ ನಿಲ್ಲಿಸಿದ, ಸೂಜಿ ತೆಗೆದ, ದಿಂಬಿಟ್ಟು ಕೈ ಎತ್ತರಿಸಿದ, ತಣ್ಣನೆಯ ಪಟ್ಟಿ ಇಟ್ಟ. ಗಾಬರಿ ಪಡುವಂಥದ್ದಲ್ಲ, ಎರಡು ದಿನದಲ್ಲಿ ಇಳಿಯುತ್ತದೆ. ಆದರೆ ಅರ್ಧ ಗಂಟೆಗೊಮ್ಮೆ ನೋಡಬೇಕಿತ್ತು, ನೋಡಲಿಲ್ಲ. ತಪ್ಪು ತನ್ನದು, ನೂರಕ್ಕೆ ನೂರು ತನ್ನದು ಎಂದು ಅವನಿಗೆ ಗೊತ್ತಿತ್ತು.

ಮೂರ್ತಪ್ಪ ಸಿಡುಕಿನ ಮನುಷ್ಯರಲ್ಲ. “ಹೋಗ್ಲಿ ಬಿಡಿ ಬ್ರದರ್,” ಎಂದರು. “ಮನುಷ್ಯ ಅಂದ್ಮೇಲೆ ಆಗುತ್ತೆ. ತಪ್ಪಾಯ್ತು ಅಂತ ಒಂದು ಮಾತು ಅನ್ನಿ, ಮುಗೀತು.”

ರುದ್ರೇಶ್ ತಣ್ಣನೆಯ ಪಟ್ಟಿಯನ್ನು ಇನ್ನೊಮ್ಮೆ ಸರಿಮಾಡಿದ. “ತಮ್ಮ ಮಾತು ಗಮನಕ್ಕೆ ಬಂದಿದೆ,” ಎಂದ.

“ಬೆಳಿಗ್ಗೆ ನನ್ನ ಕಾಲಿಗೂ ಇದನ್ನೇ ಅಂದ,” ಎಂದರು ಪದ್ಮಮ್ಮ.

ಅಷ್ಟಾಗಿದ್ದೇ ತಡ, ಮೂರ್ತಪ್ಪನವರ ಮುಖದಲ್ಲಿದ್ದ ನಗು ಎದ್ದು ಹೋಯಿತು. ಮೂವತ್ತನಾಲ್ಕು ವರ್ಷ ತಾನು ಕಾರ್ಖಾನೆಯಲ್ಲಿ ದುಡಿದಿದ್ದೇನೆ ಎಂದು ಅವರು ನಿಧಾನವಾಗಿ ಶುರು ಮಾಡಿದರು. ಅಲ್ಲಿ ತಮಿಳರು, ತೆಲುಗರು, ನಮ್ಮವರು ಎಲ್ಲ ಇದ್ದರು, ಕೆಲಸದಲ್ಲಿ ದಿನಾ ಒಂದಲ್ಲ ಒಂದು ತಪ್ಪಾಗುತ್ತಿತ್ತು. ತಪ್ಪು ಮಾಡಿದವನು ಒಂದು ಮಾತು ಅಂದರೆ ಕ್ಯಾಂಟೀನಿನಲ್ಲಿ ಎಲ್ಲ ಒಟ್ಟಿಗೆ ಟೀ ಕುಡಿದು ಮರೆಯುತ್ತಿದ್ದರು. ಆ ಮಾತು ಅನ್ನದೆ ಹೋದವನ ಜೊತೆ ಯಾರೂ ಕೂರುತ್ತಿರಲಿಲ್ಲ. ಇಷ್ಟು ಹೇಳಿ ಅವರು ತಟ್ಟೆಯನ್ನು ಬಲಗೈಯಿಂದ ದೂರ ತಳ್ಳಿದರು.

“ಆ ಮಾತು ಬರೋವರೆಗೂ ನಂಗೆ ಊಟ ಬೇಡ.”

ರುದ್ರೇಶನಿಗೆ ನೆಲ ಬಾಯಿಬಿಟ್ಟಂತಾಯಿತು. ಇನ್ಸುಲಿನ್ ಕೊಟ್ಟಾಗಿದೆ. ಹೊಟ್ಟೆಗೆ ಅನ್ನ ಬೀಳದಿದ್ದರೆ ಸಕ್ಕರೆ ಸರ್ರನೆ ಇಳಿಯುತ್ತದೆ. ಬೆವರು, ನಡುಕ, ಆಮೇಲೆ ಎಚ್ಚರ ತಪ್ಪುತ್ತದೆ. ಸಕ್ಕರೆ ನೀರು ಕೊಡಲು ಹೋದ, ಮೂರ್ತಪ್ಪ ಬಾಯಿ ಬಿಗಿಹಿಡಿದರು. ಗ್ಲೂಕೋಸ್ ಏರಿಸೋಣವೆಂದರೆ ಇನ್ನೊಂದು ಕೈ ಕೊಡುವುದಿಲ್ಲ ಎಂದರು. ಡ್ಯೂಟಿ ಡಾಕ್ಟರು ಕೆಳಗೆ ಆಕ್ಸಿಡೆಂಟ್ ಕೇಸಿನಲ್ಲಿ ಸಿಕ್ಕಿಬಿದ್ದಿದ್ದರು. ಡಾಕ್ಟರ್ ನಿರಂಜನ ಆಪರೇಷನ್ ಥಿಯೇಟರಿನಲ್ಲಿದ್ದರು.

ಜಯಶೀಲಾ ಮೇಡಂ ಬಂದು ರುದ್ರೇಶನನ್ನು ಮೂಲೆಗೆ ಕರೆದರು. “ಒಂದು ಮಾತು ಅಂದು ಸಾಯಬಾರ್ದ,” ಎಂದು ಹಲ್ಲು ಕಚ್ಚಿದರು. ಅವನು ಪಾಲಿಸಿ ತೋರಿಸಿ ಹನ್ನೊಂದನೇ ಕಲಮಿನ ಕತೆ ಹೇಳಿದ. ಒಪ್ಪಿಕೊಂಡರೆ ನಾಳೆ ಕೇಸು ಬಿದ್ದಾಗ ವಿಮೆ ಇಲ್ಲ, ವಿಮೆಯಿಲ್ಲದೆ ವಕೀಲರಿಲ್ಲ, ಮನೆ ಮಠ ಎಲ್ಲ ಹೋಗುತ್ತದೆ ಎಂದ. ಮೇಡಂ ಮುಖ ಬಿಳಿಚಿಕೊಂಡಿತು. ಅವರಿಗೆ ಯಾವ ಪಾಲಿಸಿಯೂ ಇರಲಿಲ್ಲ, ಆದರೂ ಭಯಕ್ಕೇನು ಪಾಲಿಸಿ ಬೇಕೇ. ಪದ್ಮಮ್ಮ ಬಂದು ನೀವಾದರೂ ಬುದ್ಧಿ ಹೇಳಿ ಮೇಡಂ ಎಂದಾಗ, ಇಪ್ಪತ್ತಾರು ವರ್ಷದ ಸರ್ವಿಸಿನ ಜಯಶೀಲಾ ಮೇಡಂ ಗೋಡೆ ನೋಡುತ್ತ, ತಮ್ಮ ಮಾತು ಗಮನಕ್ಕೆ ಬಂದಿದೆ ಎಂದುಬಿಟ್ಟರು.

ಪಕ್ಕದ ಎಂಟನೇ ಬೆಡ್ಡಿನಲ್ಲಿ ಹಾಲಸ್ವಾಮಿ ಎಂಬವರಿದ್ದರು. ಗಾಂಧಿ ಬಜಾರಿನಲ್ಲಿ ಅವರದು ಜವಳಿ ಅಂಗಡಿ. ಕಾಲು ಮುರಿದುಕೊಂಡು ಹತ್ತು ದಿನದಿಂದ ವ್ಯಾಪಾರವಿಲ್ಲದೆ ಬಾಯಿ ತುರಿಸುತ್ತಿತ್ತು. ಅವರು ಮಲಗಿದಲ್ಲಿಂದಲೇ ಮಧ್ಯಸ್ಥಿಕೆಗೆ ಇಳಿದರು. ಆ ಕಡೆಯವರೂ ಸ್ವಲ್ಪ ಇಳಿಯಲಿ, ಈ ಕಡೆಯವರೂ ಸ್ವಲ್ಪ ಬಿಡಲಿ ಎಂಬುದು ಅವರ ಸೂತ್ರ. ‘ತಪ್ಪಾಯ್ತು’ ಬದಲು ‘ತಪ್ಪಾಗಿರಬಹುದು’ ಎಂದರೆ ಆಗುತ್ತದೆಯೇ ಎಂದು ಮೂರ್ತಪ್ಪನವರನ್ನು ಕೇಳಿದರು. ಮೂರ್ತಪ್ಪ ಒಪ್ಪಲಿಲ್ಲ. ಹಾಲಸ್ವಾಮಿ ಕೊನೇ ರೇಟು ಹೇಳುವವರಂತೆ ರುದ್ರೇಶನ ಕಡೆ ಬಗ್ಗಿ ದನಿ ತಗ್ಗಿಸಿದರು.

“ನೀವು ‘ತಪ್ಪಾ’ ಅನ್ನಿ ಬ್ರದರ್. ‘ಯ್ತು’ ನಾನಂತೀನಿ. ಪೂರ್ತಿ ಮಾತು ಯಾರೂ ಅಂದಂಗಾಗಲ್ಲ.”

ರುದ್ರೇಶ್ ಒಂದು ಕ್ಷಣ ಆಸೆಯಿಂದ ಅದನ್ನೂ ಯೋಚಿಸಿದ. ಆಮೇಲೆ ಹೊರಗೋಡಿ ರೇಣುಕಾಪ್ರಸಾದರಿಗೆ ಫೋನ್ ಮಾಡಿದ. ಮೂರನೇ ಸಲಕ್ಕೆ ಎತ್ತಿದರು. ಒಂದೇ ಒಂದು ಸಲ ತಪ್ಪಾಯ್ತು ಅನ್ನಲು ಅನುಮತಿ ಕೊಡಿಸಿ ಎಂದು ಗೋಗರೆದ. ಕಂಪನಿಗೆ ಬರೆದು ಕೇಳಿ, ಏಳು ಕೆಲಸದ ದಿನದೊಳಗೆ ಉತ್ತರ ಬರುತ್ತದೆ, ಭಾನುವಾರ ಲೆಕ್ಕಕ್ಕಿಲ್ಲ ಎಂದು ಹೇಳಿ ಇಟ್ಟರು.

ಅವನು ಒಳಗೆ ಬಂದಾಗ ಮೇಡಂ ಹೇಗೋ ಒಪ್ಪಿಸಿ ಬೆರಳು ಚುಚ್ಚಿ ಸಕ್ಕರೆ ನೋಡಿದ್ದರು. ತೊಂಬತ್ತೆರಡು. ಹತ್ತು ನಿಮಿಷ ಬಿಟ್ಟು ನೋಡಿದರೆ ಎಪ್ಪತ್ತೊಂದು. ಮೂರ್ತಪ್ಪನವರ ಹಣೆಯ ಮೇಲೆ ಬೆವರಿನ ಹನಿ ಮೂಡಿತ್ತು. ಬಲಗೈ ಸಣ್ಣಗೆ ಅದುರುತ್ತಿತ್ತು. ಹಟ ಮಾತ್ರ ಅದುರಿರಲಿಲ್ಲ. ಪದ್ಮಮ್ಮ ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ಹಿಡಿದುಕೊಂಡು, ಗಂಡನ ಮುಖ ಒಮ್ಮೆ, ರುದ್ರೇಶನ ಮುಖ ಒಮ್ಮೆ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು.

ರುದ್ರೇಶನಿಗೆ ಆ ತುತ್ತು ಕಂಡಿತು. ಆಮೇಲೆ ಬೇರೇನೂ ಕಾಣಲಿಲ್ಲ. ಕಲಮು, ಕಂಪನಿ, ಕೋರ್ಟು, ಹುರಿದಿಟ್ಟ ಶ್ಯಾವಿಗೆ ಎಲ್ಲವೂ ಮರೆತುಹೋಯಿತು. ಅವನು ಹೋಗಿ ಮಂಚದ ಪಕ್ಕ ನೆಲಕ್ಕೇ ಕುಳಿತು ಮೂರ್ತಪ್ಪನವರ ಊದಿದ ಕೈ ಹಿಡಿದ.

“ತಪ್ಪಾಯ್ತು ಯಜಮಾನ್ರೇ. ನಂದೇ ತಪ್ಪು. ಬಂದು ನೋಡ್ತೀನಿ ಅಂದು ನೋಡ್ಲಿಲ್ಲ. ಊಟ ಮಾಡಿ.”

ಕಟ್ಟೆ ಒಡೆದ ಮೇಲೆ ನೀರು ಅಷ್ಟಕ್ಕೇ ನಿಲ್ಲುತ್ತದೆಯೇ. ಬೆಳಗಿನಿಂದ ನುಂಗಿಟ್ಟಿದ್ದ ತಪ್ಪಾಯ್ತುಗಳೆಲ್ಲ ಒಟ್ಟಿಗೆ ಹೊರಬಂದವು. ಪದ್ಮಮ್ಮನವರ ಕಾಲಿಗೆ ಒಂದು, ಬಸ್ಸಿನಲ್ಲಿ ಆಡಿದ ಮಾತಿಗೆ ಒಂದು, ಜಯಶೀಲಾ ಮೇಡಂಗೆ ಒಂದು, ಗಲಾಟೆಯಿಂದ ನಿದ್ದೆ ಕೆಟ್ಟ ಒಂಬತ್ತನೇ ಬೆಡ್ಡಿನವರಿಗೆ ಒಂದು. ಎದ್ದು ನಿಲ್ಲುವಾಗ ತಲೆ ಡ್ರಿಪ್ ಸ್ಟ್ಯಾಂಡಿಗೆ ಬಡಿಯಿತು, ಅದಕ್ಕೂ ಒಂದು. ‘ಯ್ತು’ ಹೇಳಲು ತಯಾರಾಗಿ ಕೂತಿದ್ದ ಹಾಲಸ್ವಾಮಿಯವರಿಗೆ ಮಾತ್ರ ತಮ್ಮ ಪಾಲು ಸಿಗಲಿಲ್ಲವೆಂದು ಸ್ವಲ್ಪ ನಿರಾಸೆಯಾಯಿತು.

ಮೂರ್ತಪ್ಪ ಬಾಯಿ ತೆರೆದರು. ಪದ್ಮಮ್ಮ ಮೊದಲು ಸಕ್ಕರೆ ನೀರು, ಆಮೇಲೆ ತುತ್ತಿನ ಮೇಲೆ ತುತ್ತು ಇಟ್ಟರು. ಕಾಲು ಗಂಟೆ ಬಿಟ್ಟು ಸಕ್ಕರೆ ನೂರ ಹತ್ತಕ್ಕೆ ಬಂತು. ಜಯಶೀಲಾ ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡು, ಕ್ಯಾಂಟೀನಿನಿಂದ ಎಲ್ಲರಿಗೂ ಟೀ ತರಿಸಿದರು. ಮೂರ್ತಪ್ಪ ತಮ್ಮ ಸಪ್ಪೆ ಟೀಯ ಲೋಟವನ್ನು ರುದ್ರೇಶನ ಲೋಟಕ್ಕೆ ತಾಗಿಸಿದರು.

“ಅಲ್ಲ ಮಾರಾಯ, ಇಷ್ಟು ಚೆನ್ನಾಗಿ ಅಂತೀಯ. ಇಷ್ಟೊತ್ತು ಯಾಕೆ ಸತಾಯಿಸ್ದೆ?”

ರುದ್ರೇಶ್ ನಡೆದದ್ದನ್ನೆಲ್ಲ ಹೇಳಿದ. ತಾನೇನು ಕೇಸು ಹಾಕುವ ಪೈಕಿಯವನೇ ಎಂದು ಮೂರ್ತಪ್ಪ ನಕ್ಕರು. ಆದರೂ ಕಾಗದ ಎಂದರೆ ಸ್ಟೋರ್ ಕೀಪರಿಗೆ ಬಿಡಲಾಗದ ಚಟ. ಎಲ್ಲಿ ಕೊಡು ನೋಡೋಣ ಎಂದು ಕನ್ನಡಕ ಹಾಕಿಕೊಂಡು, ಮೂವತ್ತನಾಲ್ಕು ವರ್ಷ ಸಾಮಾನಿನ ಬೇಡಿಕೆಯ ಇಂಡೆಂಟು ಓದಿದ ಕಣ್ಣಿನಿಂದ ಮೊದಲ ಪುಟವನ್ನು ಮೊದಲ ಸಾಲಿನಿಂದ ಓದಿದರು. ಓದುತ್ತ ಓದುತ್ತ ಅವರ ಹೊಟ್ಟೆ ಕುಲುಕತೊಡಗಿತು.

“ಬ್ರದರ್, ಇದು ನರ್ಸ್ ಪಾಲಿಸಿ ಅಲ್ಲ. ನರ್ಸರಿ ಪಾಲಿಸಿ. ಅಡಿಕೆ ಸಸಿ, ಐವತ್ತು ಬೆಡ್ಡು ಅಂದ್ರೆ ಐವತ್ತು ಸಸಿ ಮಡಿ, ಬೋರ್‌ವೆಲ್ ನೀರಾವರಿ, ಎರಡು ಹೊಂಗೆ ಮರದ ನೆರಳು. ನಿನ್ನ ವಾರ್ಡಿಗೆ ಕಾಡುಹಂದಿ ನುಗ್ಗಿದ್ರೆ ಪರಿಹಾರ ಉಂಟು. ಆಲಿಕಲ್ಲು ಮಳೆ ಬಂದ್ರೂ ಉಂಟು. ಸೂಜಿ ಜರುಗಿದ್ರೆ ಏನೂ ಇಲ್ಲ.”

ವಾರ್ಡಿಗೆ ವಾರ್ಡೇ ನಕ್ಕಿತು. ಒಂಬತ್ತನೇ ಬೆಡ್ಡಿನವರು ಹೊಲಿಗೆ ಬಿಚ್ಚೀತು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ರುದ್ರೇಶ್ ಅಳಬೇಕೋ ನಗಬೇಕೋ ತಿಳಿಯದೆ, ಟೀ ಚೆಲ್ಲಿ, ನೆಲಕ್ಕೆ ತಪ್ಪಾಯ್ತು ಎಂದ.

ನಾಲ್ಕು ಗಂಟೆಗೆ ಡಾಕ್ಟರ್ ನಿರಂಜನ ಆರ್ಡರು ಹಿಡಿದು ವಾರ್ಡಿಗೆ ಬಂದರು. ನಡೆದದ್ದನ್ನು ರುದ್ರೇಶನೇ ಪೂರ್ತಿ ಹೇಳಿದ. ಊದಿದ ಕೈಯನ್ನು ಮುಚ್ಚಿಡಲು ಅವನಿಗೆ ಮನಸ್ಸಾಗಲಿಲ್ಲ. ಅವರು ಕೈ ನೋಡಿದರು, ಚೀಟಿ ನೋಡಿದರು, ರಿಪೋರ್ಟ್ ಬರೆಸಿದರು. ಆರ್ಡರನ್ನು ಹರಿಯಲಿಲ್ಲ, ಸಹಿಯನ್ನೂ ಹಾಕಲಿಲ್ಲ. ನನ್ನ ಡ್ರಾಯರಿನಲ್ಲಿರಲಿ, ಮುಂದಿನ ತಿಂಗಳು ನೋಡೋಣ ಎಂದರು. ಎರಡು ವರ್ಷದಿಂದ ಪ್ರತಿ ತಿಂಗಳೂ ಅವರು ಹೇಳುತ್ತಿದ್ದುದು ಅದನ್ನೇ. ಆದರೆ ಈ ಸಲ ಮೂರ್ತಪ್ಪ ಮಂಚದಿಂದ ಕೂಗಿ ಹೇಳಿದರು, ಮುಂದಿನ ತಿಂಗಳು ತಾನು ಚೆಕಪ್ಪಿಗೆ ಬರುತ್ತೇನೆ, ಆ ಡ್ರಾಯರ್ ತೆಗೆಸಿಯೇ ಹೋಗುತ್ತೇನೆ, ಇಲ್ಲದಿದ್ದರೆ ಊಟ ಬಿಡುವುದು ತನಗೆ ಗೊತ್ತಿದೆ ಎಂದು. ಡಾಕ್ಟರು ನಕ್ಕರು. ಜಯಶೀಲಾ ಮೇಡಂ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ವಾಪಸ್ ಬಸ್ಸಿನಲ್ಲಿ ಪದ್ಮಮ್ಮ ಪಕ್ಕದ ಸೀಟು ಹಿಡಿದು ರುದ್ರೇಶನನ್ನು ಕೂರಿಸಿಕೊಂಡರು. ನಿಂತರೆ ಮತ್ತೆ ತುಳೀತೀಯ ಎಂದರು.

ಭದ್ರಾವತಿಯಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ಸೀದಾ ರೇಣುಕಾಪ್ರಸಾದರ ಆಫೀಸಿಗೆ ಹೋಗಿ, ಪಾಲಿಸಿಯ ಮೊದಲ ಪುಟವನ್ನು ಅವರ ಮುಂದೆ ಹರಡಿ, ಅಡಿಕೆ ಸಸಿಯ ಸಾಲಿನ ಮೇಲೆ ಬೆರಳಿಟ್ಟ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಕಿವಿಯವರೆಗೆ ಕೆಂಪಾದರು. ಹನ್ನೊಂದನೇ ಕಲಮಿನಲ್ಲಿ ತಪ್ಪೊಪ್ಪಿಗೆಯ ಸುದ್ದಿಯೇ ಇಲ್ಲವಲ್ಲ ಎಂದು ರುದ್ರೇಶ್ ಕೇಳಿದಾಗ, ಅದು ತನ್ನ ಪಾಲಿಸಿಯ ಕಲಮು, ಎಲ್ಲದರಲ್ಲೂ ಇರುತ್ತದೆ ಅಂದುಕೊಂಡೆ ಎಂದು ಗೊಣಗಿದರು.

ರುದ್ರೇಶ್ ಜಗಳವಾಡಲಿಲ್ಲ. ಎದುರಿನ ಕುರ್ಚಿಯಲ್ಲಿ ಆರಾಮಾಗಿ ಕೂತು, ಚಪ್ಪಲಿ ಬಿಟ್ಟು, ಕಾಲು ಮಡಚಿಕೊಂಡ. ಇವತ್ತು ಅವನು ಒಂದು ವಿದ್ಯೆ ಕಲಿತು ಬಂದಿದ್ದ.

“ಪ್ರಸಾದಣ್ಣ, ಒಂದು ಮಾತು ತಪ್ಪಾಯ್ತು ಅನ್ನಿ, ಸಾಕು. ಪಾಯಸ ಕಾಯ್ತಾ ಇದೆ, ಎದ್ದು ಹೋಗ್ತೀನಿ. ಅನ್ನೋವರೆಗೂ ನಾನು ಊಟ ಮಾಡಲ್ಲ, ಇಲ್ಲಿಂದ ಏಳೋದೂ ಇಲ್ಲ.”

ರೇಣುಕಾಪ್ರಸಾದ್ ಕೆಟ್ಟವರಲ್ಲ. ಅವರಿಗೆ ನಿಜಕ್ಕೂ ಬೇಜಾರಾಗಿತ್ತು, ಕಣ್ಣಂಚಿನಲ್ಲಿ ನೀರೇ ಬಂದಿತ್ತು. ಬಾಯಿ ತೆರೆದರು. ‘ತ’ ಎನ್ನುವ ಅಕ್ಷರ ಹಲ್ಲಿನವರೆಗೆ ಬಂದು ನಿಂತದ್ದು ರುದ್ರೇಶನಿಗೆ ಸ್ಪಷ್ಟವಾಗಿ ಕಂಡಿತು. ಆ ಕಷ್ಟ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ರೇಣುಕಾಪ್ರಸಾದ್ ಅದನ್ನು ಅಲ್ಲೇ ಕಚ್ಚಿ ಹಿಡಿದರು, ನುಂಗಿದರು, ಗೋಡೆಯ ಕಡೆ ತಿರುಗಿದರು.

“ತಮ್ಮ ಮಾತು ಗಮನಕ್ಕೆ ಬಂದಿದೆ, ಬ್ರದರ್.”